ಹಕಾರವಿಲ್ಲದ ರಾಜ

ಅಪ್ಪನ ಹೊಸ ದನಿ ಬೆಂಗಳೂರಿನಿಂದ ಒಂದು ಡಬ್ಬಿಯಲ್ಲಿ ಬಂತು. ಸ್ಪಂಜಿನ ಮೇಲೆ ಮಲಗಿದ ಸಣ್ಣ ಟಾರ್ಚಿನಂಥ ಒಂದು ಮಿಷನ್, ಪಕ್ಕದಲ್ಲಿ ಎರಡು ಬ್ಯಾಟರಿ, ಒಂದು ಚಾರ್ಜರ್. ಗಂಟಲಿನ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟಿದ್ದರು. ಇನ್ನು ಮಾತಾಡಬೇಕೆಂದರೆ ಆ ಮಿಷನ್ನಿನ ತುದಿಯನ್ನು ಗದ್ದದ ಕೆಳಗೆ ಒತ್ತಿ ಹಿಡಿದು, ಗುಂಡಿ ಅದುಮಿ, ತುಟಿ ನಾಲಿಗೆ ಮಾತ್ರ ಆಡಿಸಬೇಕು. ಮಿಷನ್ ಗುಯ್ ಅನ್ನುತ್ತದೆ, ಆ ಗುಯ್ ಬಾಯೊಳಗೆ ಮಾತಾಗುತ್ತದೆ. ಆಸ್ಪತ್ರೆಯಲ್ಲಿ ಅದನ್ನು ಕಲಿಸಿಕೊಟ್ಟ ಹುಡುಗಿ, "ದಿನಾ ಅರ್ಧ ಗಂಟೆ ಪ್ರಾಕ್ಟೀಸ್ ಮಾಡಿ ಅಜ್ಜಾ, ಈಗ ಬಿಟ್ರೆ ಆಮೇಲೆ ಕೈಗೆ ಬರೋದು ಕಷ್ಟ" ಅಂದಳು. ಅಪ್ಪ ಒಳ್ಳೆಯ ವಿದ್ಯಾರ್ಥಿಯಂತೆ ತಲೆಯಾಡಿಸಿದ. ಆಂಧ್ರದ ಗಡಿಯೊಳಗಿನ ಮಡಕಶಿರದ ನಮ್ಮ ಮನೆಗೆ ಬಂದವನೇ ಡಬ್ಬಿಯನ್ನು ಫ್ರಿಜ್ಜಿನ ಮೇಲಿಟ್ಟ. ನಾಲ್ಕು ತಿಂಗಳು ಅದು ಅಲ್ಲೇ ಇತ್ತು.

ಅಪ್ಪ ರಾಯದುರ್ಗದ ಕಡೆಯವನು. ಅಲ್ಲಿ ನನ್ನ ತಮ್ಮನ ಮನೆಯಲ್ಲಿದ್ದ. ಬೆಂಗಳೂರಿಗೆ ಹೋಗಿಬರಲು ಮಡಕಶಿರದಿಂದ ಬಸ್ಸು ಸಲೀಸು ಎಂದು ಆಪರೇಷನ್ನಿನ ಹೊತ್ತಿಗೆ ನಾನೇ ಕರೆದುಕೊಂಡು ಬಂದಿದ್ದೆ. ಹೊಟ್ಟೆಪಾಡಿಗೆ ಅವನು ಟೈಲರ್. ನಾನು ಚಿಕ್ಕವಳಿದ್ದಾಗ ಜುಬ್ಬಾ, ಪೈಜಾಮ ಹೊಲಿಯುತ್ತಿದ್ದವನು ಆಮೇಲೆ ಊರಿಗೆ ಊರೇ ಜೀನ್ಸ್ ಹೊಲಿಯಲು ಕೂತಾಗ ತಾನೂ ಜೀನ್ಸಿಗೆ ಕೂತ. ಆದರೆ ಅದು ಅವನ ಕೆಲಸ ಮಾತ್ರ. ಅವನು ಯಾರು ಎಂದು ಕೇಳಿದರೆ ನಮ್ಮ ಕಡೆ ಯಾರೂ ಟೈಲರ್ ಅನ್ನುವುದಿಲ್ಲ, ರಾಜ ಅನ್ನುತ್ತಾರೆ. ನಲವತ್ತು ವರ್ಷ ಬಯಲಾಟದಲ್ಲಿ ರಾಜನ ಪಾತ್ರ ಬಿಟ್ಟು ಬೇರೆ ಪಾತ್ರ ಮುಟ್ಟಿದವನಲ್ಲ. ಒಮ್ಮೆ ಮಂತ್ರಿ ಮಾಡಯ್ಯಾ, ಆಳಿಲ್ಲ ಎಂದು ಕೇಳಿದ್ದಕ್ಕೆ ಎರಡು ವರ್ಷ ಆ ಮೇಳದ ಕಡೆ ತಲೆ ಹಾಕಿರಲಿಲ್ಲ.

ಬಯಲಾಟದಲ್ಲಿ ರಾಜ ಬಂದ ಕೂಡಲೇ ಸಾರಥಿ ಎದುರು ನಿಂತು, "ಭೂಪಾಲರೇ, ತಾವು ಧಾರು?" ಎಂದು ಕೇಳುತ್ತಾನೆ. ಯಾರು ಅನ್ನುವುದು ಅಲ್ಲಿ ಧಾರು. ರಾಜ ತನ್ನ ತಾತ, ತಂದೆ, ರಾಜ್ಯ, ಪರಾಕ್ರಮ ಎಲ್ಲವನ್ನೂ ಬಾಯಿ ತುಂಬ ಹೇಳಿ ಮುಗಿಸುವ ತನಕ ಯುದ್ಧವಾದರೂ ಸರಿ, ಕಾಯಬೇಕು. ಅಪ್ಪ ಹೇಳುವಾಗ ಒಂದೊಂದು ಮಹಾಪ್ರಾಣವೂ ಎದೆಯಿಂದ ಬರುತ್ತಿತ್ತು. ಮುಂದಿನ ಸಾಲಿನಲ್ಲಿ ಕೂತ ಮಕ್ಕಳು ಅವನ 'ಭ'ಕ್ಕೆ ಹೆದರಿ ಹಿಂದಕ್ಕೆ ಸರಿಯುತ್ತಿದ್ದರು.

ನನಗೆ ಅಕ್ಷರ ಕಲಿಸಿದ್ದೂ ಅವನೇ. ನನ್ನ ಅಂಗೈಯನ್ನು ನನ್ನ ಬಾಯಿಯ ಮುಂದೆ ಹಿಡಿಸಿ, "ಹ ಅನ್ನು. ಅಂಗೈಗೆ ಬಿಸಿ ತಾಗಬೇಕು. ತಾಗಲಿಲ್ಲಾಂದ್ರ ಅದು ಹ ಅಲ್ಲ" ಅನ್ನುತ್ತಿದ್ದ. ಇಷ್ಟು ಯಾಕೆ ಹೇಳುತ್ತಿದ್ದೇನೆಂದರೆ, ನನ್ನ ಹೆಸರು ಶುರುವಾಗುವುದೇ ಆ ಅಕ್ಷರದಿಂದ. ಯಾವುದೋ ಆಟದಲ್ಲಿ ತನ್ನ ರಾಣಿಯಾಗಿದ್ದವಳ ಹೆಸರನ್ನು ಆರಿಸಿ ಇಟ್ಟಿದ್ದ. ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ನನಗೂ ಅವನಿಗೂ ಇರಲಿ.

ಅಂಥ ಹೆಸರನ್ನು ಹೊತ್ತುಕೊಂಡು ನಾನು ಮದುವೆಯಾಗಿ ಬಂದದ್ದು ಎಲ್ಲಿಗೆ? ಹಕಾರವೇ ಇಲ್ಲದ ಸೀಮೆಗೆ. ಮಡಕಶಿರದ ಕಡೆ ಹಾಲು ಆಲು, ಹಾವು ಆವು, ಹಳ್ಳಿ ಅಳ್ಳಿ. ಮದುವೆಯಾದ ಹೊಸದರಲ್ಲಿ ಗಂಡ ನನ್ನನ್ನು ಕರೆದಾಗ ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡು ಸುಮ್ಮನೆ ಕೂತಿದ್ದೆ. ಅತ್ತೆ, ನಾದಿನಿ, ಪಕ್ಕದ ಮನೆಯವರು, ಎಲ್ಲರೂ ನನ್ನ ಹೆಸರಿನ ತಲೆ ಕತ್ತರಿಸಿಯೇ ಕರೆದರು. ಎಷ್ಟು ತಿದ್ದಿದರೂ ಎರಡು ದಿನ, ಮೂರನೆಯ ದಿನ ಮತ್ತೆ ಮೊದಲಿನ ಹಾಗೇ.

ಆಮೇಲೆ ಅಮರಾಪುರದ ದಾರಿಯ ಒಂದು ಹಳ್ಳಿಯ ಶಾಲೆಯಲ್ಲಿ ಕನ್ನಡ ಟೀಚರ್ ಆದೆ. ಕೈಗೆ ಅಧಿಕಾರ ಬಂತಲ್ಲ, ಯುದ್ಧ ಸಾರಿಬಿಟ್ಟೆ. ಇಪ್ಪತ್ತು ವರ್ಷದ ಯುದ್ಧ ಅದು, ಹಕಾರಕ್ಕಾಗಿ. ಮಕ್ಕಳೆಲ್ಲ ಅಂಗೈ ಬಾಯಿ ಮುಂದೆ ಹಿಡಿದು ಹ ಹ ಹ ಅನ್ನಬೇಕು. "ಟೀಚರ್, ಅತ್ತಕ್ಕೆ ಅತ್ತು ಬಂತು" ಎಂದು ಒಬ್ಬಳು ಕುಣಿದುಕೊಂಡು ಬಂದರೆ, "ಯಾಕಮ್ಮಾ ಅತ್ತೆ, ಮೊದಲು ಕಣ್ಣೊರೆಸಿಕೋ" ಎಂದು ಕುಟುಕುತ್ತಿದ್ದೆ. ನನ್ನ ಭಯಕ್ಕೆ ಮಕ್ಕಳು ಬೇಡದ ಕಡೆಯೆಲ್ಲ ಹಕಾರ ಅಂಟಿಸತೊಡಗಿದವು. "ಲೇಟ್ ಯಾಕೋ" ಎಂದರೆ, "ಹಕ್ಕಿ ತರಕ್ಕೋಗಿದ್ದೆ ಟೀಚರ್, ಎರಡು ಕೆಜಿ." ನಾನು ನಗಲೂ ಇಲ್ಲ, ಸೋಲೊಪ್ಪಲೂ ಇಲ್ಲ. ನನ್ನದು ಸ್ವಲ್ಪ ಮುಂಗೋಪ, ಜೊತೆಗೆ ಹಠ. ಎರಡೂ ಅಪ್ಪನಿಂದಲೇ ಬಂದವು.

ಆ ಅಪ್ಪ ಈಗ ನಮ್ಮ ಮನೆಯ ಕುರ್ಚಿಯಲ್ಲಿ ಮಾತಿಲ್ಲದೆ ಕೂತಿದ್ದ. ಕುತ್ತಿಗೆಯ ಬುಡದಲ್ಲಿ ಉಸಿರಾಡಲು ಒಂದು ತೂತು ಮಾಡಿದ್ದರು. ಅದರ ಮುಂದೆ ಕಟ್ಟಿಕೊಳ್ಳಲು ತೆಳು ಬಟ್ಟೆಯ ಪುಟ್ಟ ಮುಸುಕುಗಳನ್ನು ತಾನೇ ಹೊಲಿದುಕೊಂಡಿದ್ದ, ಅಂಚಿಗೆ ಪೈಪಿಂಗ್ ಕೊಟ್ಟು. ಏನಾದರೂ ಹೇಳಬೇಕೆಂದರೆ ತೊಡೆಯ ಮೇಲೆ ಒಂದು ಕರಿ ಜೀನ್ಸ್ ತುಂಡು ಹಾಸಿಕೊಂಡು ಟೈಲರ್ ಬಳಪದಲ್ಲಿ ಬರೆಯುತ್ತಿದ್ದ. ನಾವು ಓದಿದ ಮೇಲೆ ಎರಡು ಏಟು ಕೊಡವಿದರೆ ಮಾತು ಪುಡಿಯಾಗಿ ಉದುರುತ್ತಿತ್ತು.

ನೋಡಲು ಬಂದವರದೆಲ್ಲ ಒಂದೇ ಮಾತು. "ಫೈಟ್ ಮಾಡ್ಬೇಕು ಮಾವಾ, ಧೈರ್ಯವಾಗಿ ಫೈಟ್ ಮಾಡ್ಬೇಕು." ಬಾಳೆಹಣ್ಣು ಕೊಟ್ಟು, ಫೈಟ್ ಮಾಡಿ ಎಂದು ಹೇಳಿ, ಕಾಫಿ ಕುಡಿದು ಹೋಗುವರು. ಅಪ್ಪ ಒಮ್ಮೆ ಬಟ್ಟೆಯ ಮೇಲೆ "ಯಾರ ಮ್ಯಾಲ?" ಎಂದು ಬರೆದು ತೋರಿಸಿದ. ಬಂದವರು ಓದಿ ಕಾಫಿ ಲೋಟಕ್ಕೆ ಕೈ ಹಾಕಿದರು. ನಾನೂ ಅವನಿಗೆ ಫೈಟ್ ಮಾಡು ಎಂದೇ ಹೇಳುತ್ತಿದ್ದೆ. ಆಸ್ಪತ್ರೆಯ ಹುಡುಗಿಯ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಈಗ ಕೈಬಿಟ್ಟರೆ ಅಪ್ಪ ಮತ್ತೆಂದೂ ಮಾತಾಡುವುದಿಲ್ಲ. ನನಗೆ ಅದೊಂದೇ ಭಯ.

ಒಂದು ಭಾನುವಾರ ಬೆಳಿಗ್ಗೆ ಫ್ರಿಜ್ಜಿನ ಮೇಲೆ ಡಬ್ಬಿ ಇರಲಿಲ್ಲ. ಹಿತ್ತಿಲಿಂದ ಗುಯ್ ಎಂದು ಸದ್ದು ಬಂತು. ಬಾಗಿಲ ಹಿಂದೆ ನಿಂತು ಕೇಳಿದೆ. ಏರಿಲ್ಲ, ಇಳಿವಿಲ್ಲ, ಹಿಟ್ಟಿನ ಗಿರಣಿ ಮಾತಾಡಿದ ಹಾಗೆ ಒಂದೇ ಸಮ: "ಬಲೈ ಸಾರದಿ." ಭ ಇಲ್ಲ, ಥ ಇಲ್ಲ. ಆಮೇಲೆ ಇನ್ನೇನೋ ಒಂದು ಚಿಕ್ಕ ಮಾತು ಹೇಳಲು ನೋಡಿದ. ಮೂರು ಸಲ, ನಾಲ್ಕು ಸಲ. ನನಗೆ ಅದು ಏನೆಂದು ತಿಳಿಯಲಿಲ್ಲ. ಡಬ್ಬಿ ಮತ್ತೆ ಫ್ರಿಜ್ಜಿನ ಮೇಲೆ ಬಂದು ಕೂತಿತು. ಅಂದು ಅವನು ಊಟ ಮಾಡಲಿಲ್ಲ.

ನನ್ನ ಗಂಡ ಬೆಳಿಗ್ಗೆ ಹಿಂದೂಪುರದ ಬಸ್ಸು ಹತ್ತಿದರೆ ಬರುವುದು ಸಂಜೆ. ಅಪ್ಪನೊಬ್ಬನನ್ನೇ ಬಿಟ್ಟು ಶಾಲೆಗೆ ಹೋದರೆ ನನಗೆ ಪಾಠ ಮಾಡಲು ಆಗುತ್ತಿರಲಿಲ್ಲ. ಕಫ ಕಟ್ಟಿದರೆ ಕೂಗಲು ಅವನಿಗೆ ದನಿಯಿಲ್ಲವಲ್ಲ. ಹೆಡ್‌ಮಾಸ್ಟರನ್ನು ಕೇಳಿ ಅವನನ್ನೂ ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹೋಗತೊಡಗಿದೆ. ಒಂದೇ ಕಾಂಪೌಂಡಿನಲ್ಲಿ ಈ ಕಡೆ ಕನ್ನಡ ಸೆಕ್ಷನ್, ಆ ಕಡೆ ತೆಲುಗು ಸೆಕ್ಷನ್, ನಡುವೆ ಬೇವಿನ ಮರ. ಮರದ ಕೆಳಗೆ ಕುರ್ಚಿ ಹಾಕಿದರೆ ಅಪ್ಪ ಕೂರುವನು. ಎರಡನೆಯ ದಿನಕ್ಕೆ ಸೂಜಿ ದಾರ ತಂದ. ಎರಡೂ ಸೆಕ್ಷನ್ನಿನ ಮಕ್ಕಳ ಕಿತ್ತ ಗುಂಡಿ, ಬಿಟ್ಟ ಹೊಲಿಗೆ, ಹರಿದ ಜೇಬು ಅವನ ಮುಂದೆ ಸಾಲುಗಟ್ಟಿದವು. ಮಾತು ಯಾರಿಗೂ ಬೇಕಾಗಲಿಲ್ಲ. ಗುಂಡಿ ತೋರಿಸಿದರೆ ಸಾಕಾಗಿತ್ತು.

ಏಳನೇ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು. ಮನೆಯವರು ಕುರಿ ಸಾಕುವವರು. ಗುಡ್ಡದ ಆಚೆಯ ಕುರಿಯನ್ನು ಈಚೆಯಿಂದ ಕರೆದು ಅಭ್ಯಾಸವಾದ ಗಂಟಲು, ಎದುರು ನಿಂತವರ ಹತ್ತಿರವೂ ಅದೇ ದನಿಯಲ್ಲಿ ಮಾತು. ಹಕಾರದ ಯುದ್ಧದಲ್ಲಿ ನನ್ನ ದೊಡ್ಡ ವೈರಿ ಅವಳೇ. ಒಂದು ದಿನ ಅಪ್ಪನಿಗೆ ನೀರಿನ ಬಾಟಲಿ ಕೊಡು ಎಂದು ಅವಳಿಗೆ ಹೇಳಿದೆ. ಮಿಷನ್ ಡಬ್ಬಿಯನ್ನು ದಿನವೂ ನಾನೇ ಚೀಲಕ್ಕೆ ಹಾಕಿ ತರುತ್ತಿದ್ದೆ, ಅವನು ಕಂಡರೂ ಕಾಣದವನ ಹಾಗೆ ಇರುತ್ತಿದ್ದ. ಬಾಟಲಿ ಹುಡುಕಿದವಳ ಕೈಗೆ ಡಬ್ಬಿ ಸಿಕ್ಕಿತು. ತೆರೆದು ಗುಂಡಿ ಒತ್ತಿದಳು, ಗುಯ್ ಅಂತು.

"ಟೀಚರ್, ತಾತ ಶೇವಿಂಗ್ ಮಿಷನ್ ತಂದವ್ರೆ!" ಎಂದು ಕೂಗಿ ಅದನ್ನು ಪಕ್ಕದವಳ ಕೆನ್ನೆಗೆ ಹಿಡಿದಳು. ನಾನು ಓಡುವಷ್ಟರಲ್ಲಿ ಅಪ್ಪ ಅದನ್ನು ಕಸಿದುಕೊಂಡಿದ್ದ. ಸಿಟ್ಟು ಬಂದಾಗ ನಾಚಿಕೆ ನೆನಪಿಗೆ ಬರುವುದಿಲ್ಲ. ಗದ್ದದ ಕೆಳಗೆ ಒತ್ತಿಯೇ ಬಿಟ್ಟ.

"ಆಟದ ಸಾಮಾನಲ್ಲ ಅದು."

ಗುಂಡಿಗೆಂದು ಬಿಚ್ಚಿದ ಅಂಗಿ ಹಿಡಿದು ನಿಂತವರು ಹಾಗೇ ನಿಂತರು. ಹುಡುಗಿ ಮೆಲ್ಲಗೆ, ಅವಳ ಜನ್ಮದಲ್ಲೇ ಮೊದಲ ಸಲ ಮೆಲ್ಲಗೆ, ಕೇಳಿದಳು: "ತಾತಾ, ನೀವು ರೋಬೋನಾ?"

ನನಗೆ ಮೈ ಉರಿದುಹೋಯಿತು. ಕೈ ಎತ್ತಿಕೊಂಡೇ ಹೋದೆ. ಅಪ್ಪ ನನ್ನ ಕಡೆ ಬೆರಳು ತೋರಿಸಿ ತಡೆದ. ಮತ್ತೆ ಮಿಷನ್ ಒತ್ತಿ, ಎಲ್ಲ ಮಕ್ಕಳ ಮುಖವನ್ನೂ ನಿಧಾನವಾಗಿ ನೋಡಿ ಹೇಳಿದ: "ಔದು."

"ಔದಂತೆ ಕಣ್ರೇ!" ಎಂದು ಹುಡುಗಿ ಕಿರುಚಿದಳು. ಅವಳದೂ ಔದು, ಅವನದೂ ಔದು. ಅಪ್ಪನ ಭುಜ ಅಲುಗುತ್ತಿತ್ತು, ಕುತ್ತಿಗೆಯ ಮುಸುಕು ಪಟಪಟ ಹಾರುತ್ತಿತ್ತು. ನನಗೆ ಗಾಬರಿಯಾಯಿತು. ಆಮೇಲೆ ತಿಳಿಯಿತು, ಅವನು ನಗುತ್ತಿದ್ದ.

ಶಾಲೆಯ ವಾರ್ಷಿಕೋತ್ಸವಕ್ಕೆ ಒಂದು ತಿಂಗಳಿತ್ತು. ನಾಟಕದ ಕತೆ ಕಟ್ಟಿದವಳು ಆ ಹುಡುಗಿಯೇ. ಎರಡು ರಾಜ್ಯಕ್ಕೆ ಯುದ್ಧ. ಎಷ್ಟು ವರ್ಷದ್ದು ಎಂದರೆ, ಯಾಕೆ ಶುರುವಾಯಿತು ಎನ್ನುವುದು ಎರಡೂ ಕಡೆಯವರಿಗೆ ಮರೆತುಹೋಗಿದೆ. "ಸೈನಿಕ್ರೆಲ್ಲ ಮುಗ್ದೋದ್ರು ಟೀಚರ್. ಅದ್ಕೇ ಸೇನಾಪತಿ ಒಂದು ರೋಬೋ ಸೈನಿಕನ್ನ ತರಿಸ್ತಾಳೆ. ಅದು ಶತ್ರು ಕ್ವಾಟೆ ಬಾಗ್ಲು ಒದ್ದು ಬೀಳಿಸಿ ಗೆಲ್ಲುತ್ತೆ. ರೋಬೋ ನಮ್ ತಾತ." ಕೋಟೆಯೊಳಗಿನ ಶತ್ರುಗಳು ತೆಲುಗು ಸೆಕ್ಷನ್ನಿನವರು, ಮಾತಾಡಿ ಒಪ್ಪಿಸಿಯೂ ಬಂದಿದ್ದಳು.

ಸೈನಿಕ ಅನ್ನುವ ಮಾತು ಕೇಳಿ ಅಪ್ಪ ಮುಖ ಸಿಂಡರಿಸಿದ. ಮಿಷನ್ ತೆಗೆದುಕೊಂಡ. "ನಾ ಸಿಪಾಯಿ ಆಗಂಗಿಲ್ಲ. ರಾಜ ಆದ್ರ ಬರ್ತೀನಿ."

"ರೋಬೋ ಎಂಗ್ ತಾತ ರಾಜ ಆಗುತ್ತೆ?"

"ಯಾಕ ಆಗಂಗಿಲ್ಲ? ಅದಕ್ಕೂ ಅಪ್ಪ ಅಮ್ಮ ಇಲ್ಲೇನು?"

ಹಾಗೆ ನಮ್ಮ ಶಾಲೆಯ ರೋಬೋಗೆ ರಾಜವಂಶ ಬಂತು. ವೇಷ ಅವನೇ ಹೊಲಿದ. ಮಕ್ಕಳು ಬೆಳ್ಳಿ ಕಾಗದ ಅಂದರು. ಅಪ್ಪ ಅದನ್ನು ಮುಟ್ಟಲೂ ಇಲ್ಲ. ರಾಯದುರ್ಗದಿಂದ ಒಂದು ಮೂಟೆ ಜೀನ್ಸ್ ತುಂಡು ತರಿಸಿದ. ನೀಲಿ, ಕಪ್ಪು, ಬಿಳಚಿದ ಬೂದಿ ಬಣ್ಣದ ಪಟ್ಟಿಗಳನ್ನು ಜೋಡಿಸಿ ಎದೆಕವಚ ಮಾಡಿ, ಹಿತ್ತಾಳೆ ಗುಂಡಿಗಳನ್ನು ಸಾಲಾಗಿ ಬಡಿದು, ತೋಳಿಗೆ ಜಿಪ್ ಇಟ್ಟ. ನಾನು ಕಂಡ ಯಾವ ರಾಜನಿಗೂ ಅಷ್ಟು ಚೆಂದದ ಕವಚ ಇರಲಿಲ್ಲ.

ಸಾರಥಿಯೂ ಸೇನಾಪತಿಯೂ ಆ ಹುಡುಗಿಯೇ. "ಬೂಪಾಲರೇ, ತಾವು ದಾರು?" ಎಂದು ಕೇಳುತ್ತಿದ್ದಳು. ನಾನು ಅಭ್ಯಾಸಬಲದಿಂದ, "ಧಾರು! ಅಂಗೈ ಹಿಡಿ, ಬಿಸಿ ತಾಗಬೇಕು" ಎಂದು ಎದ್ದೆ. ಹುಡುಗಿ ಅಂಗೈ ಬಾಯಿ ಮುಂದೆ ಹಿಡಿದಳು. ಅವಳನ್ನು ನೋಡಿ ಅಪ್ಪನೂ ಎಡಗೈಯನ್ನು ಕಷ್ಟಪಟ್ಟು ಎತ್ತಿ ತನ್ನ ಬಾಯಿಯ ಮುಂದೆ ಹಿಡಿದ. ಅವನ ಬಾಯಿಂದ ಈಗ ಉಸಿರು ಬರುವುದಿಲ್ಲ. ಏನೂ ತಾಗದ ಅಂಗೈಯನ್ನು ತಿರುಗಿಸಿ ನೋಡಿಕೊಂಡು ತೊಡೆಯ ಮೇಲಿಟ್ಟ. ನಾನು ಕೂತುಬಿಟ್ಟೆ. ಆ ತಿಂಗಳು ಅವಳನ್ನು ಮತ್ತೆ ತಿದ್ದಲಿಲ್ಲ.

ತೊಂದರೆ ಬಂದದ್ದು ಯುದ್ಧದಲ್ಲಿ. ಆಪರೇಷನ್ ಆದಮೇಲೆ ಅಪ್ಪನ ಎಡಭುಜ ಬಿದ್ದುಹೋಗಿ ಎಡಗೈಯಲ್ಲಿ ಬಲ ಇರಲಿಲ್ಲ. ಬಲಗೈ ಒಂದೇ. ಕತ್ತಿ ಹಿಡಿದರೆ ಮಿಷನ್ ಹಿಡಿಯಲು ಕೈಯಿಲ್ಲ, ಮಿಷನ್ ಹಿಡಿದರೆ ಕತ್ತಿಗಿಲ್ಲ. ಪ್ರತಿ ಮಾತಿಗೂ ಅವನು ಕತ್ತಿಯನ್ನು ಕೆಳಗಿಟ್ಟು, ಕೊರಳಿಗೆ ನೇತುಹಾಕಿಕೊಂಡ ಮಿಷನ್ ತೆಗೆದುಕೊಳ್ಳಬೇಕು. ಹುಡುಗಿಗೆ ತಾಳ್ಮೆ ತಪ್ಪುತ್ತಿತ್ತು. ಅದಕ್ಕಿಂತ ದೊಡ್ಡ ಜಗಳ ಒದೆಯುವುದರದು. ಕೋಟೆ ಬಾಗಿಲ ಹತ್ತಿರ ಬಂದು ಅಪ್ಪ ನಿಂತುಬಿಡುತ್ತಿದ್ದ.

"ಒದೀರಿ ತಾತಾ."

ಕತ್ತಿ ಕೆಳಗೆ. ಮಿಷನ್ ಮೇಲೆ. "ರಾಜ ಒದಿಯಂಗಿಲ್ಲ. ಕತ್ತಿ ಎತ್ತತಾನ, ಬಿಲ್ಲು ಎತ್ತತಾನ. ಕಾಲು ಎತ್ತಂಗಿಲ್ಲ."

"ನೀವು ಒದೀದಿದ್ರೆ ಕ್ವಾಟೆ ಎಂಗ್ ಬೀಳುತ್ತೆ? ಯುದ್ದ ಎಂಗ್ ಮುಗಿಯುತ್ತೆ?"

"ನಿನ್ನ ಯುದ್ದ, ನೀ ನೋಡ್ಕೋ."

ದಿನವೂ ಇದೇ. ಬೇವಿನ ಮರದ ಕೆಳಗೆ ಎರಡು ಹಠ ಎದುರುಬದುರು. ನೋಡುತ್ತಾ ನನಗೆ ಸಂತೋಷವಾಗಬೇಕಿತ್ತು, ಅಪ್ಪ ಮಾತಾಡುತ್ತಿದ್ದಾನಲ್ಲ. ಆಗುತ್ತಲೂ ಇತ್ತು. ಆದರೆ ಸ್ಕೂಟಿ ಮನೆ ಮುಂದೆ ನಿಂತ ಕೂಡಲೇ ಮಿಷನ್ ಡಬ್ಬಿಯೊಳಗೆ, ಡಬ್ಬಿ ಫ್ರಿಜ್ಜಿನ ಮೇಲೆ. ಮಕ್ಕಳ ಹತ್ತಿರ ಮಾತು, ನನ್ನ ಹತ್ತಿರ ಬಳಪ. ಹದಿನೈದು ದಿನ ನುಂಗಿಕೊಂಡೆ. ಹದಿನಾರನೆಯ ದಿನ ಸಂಜೆ ಚಹಾ ಲೋಟವನ್ನು ಕುಕ್ಕಿ ಕೇಳಿಯೇಬಿಟ್ಟೆ.

"ಯಾಕಪ್ಪಾ? ಆ ಹುಡುಗರು ನಿನಗ ಏನಾಗಬೇಕು, ನಾ ಏನಾಗಬೇಕು? ರಜಾ ಹಾಕಿ ಆಸ್ಪತ್ರಿಗೆ ತಿರುಗಿದಾಕಿ ನಾನು. ನನ್ನ ಕೂಡ ಒಂದು ಮಾತು ಆಡಾಕ ಆಗಂಗಿಲ್ಲೇನು ನಿನಗ?"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಮಾಡಿದ್ದನ್ನು ಎತ್ತಿ ಆಡಬಾರದಿತ್ತು. ಅಪ್ಪ ಜೀನ್ಸ್ ತುಂಡು ಎಳೆದುಕೊಂಡು ಬರೆದ. ಬರೆದದ್ದನ್ನು ಕೈಯಲ್ಲಿ ಮುಚ್ಚಿಕೊಂಡು ಕೂತ. ಆಮೇಲೆ ಕೈ ತೆಗೆದ.

"ನಿನ್ನ ಹೆಸರು ಬರಂಗಿಲ್ಲ."

ಹಿತ್ತಿಲಲ್ಲಿ ಅಂದು ಅವನು ಮೂರು ನಾಲ್ಕು ಸಲ ಹೇಳಲು ನೋಡಿದ್ದು ಯಾವ ಮಾತು ಎಂದು ನನಗೆ ಆಗ ತಿಳಿಯಿತು. ಹುಟ್ಟಿದಾಗಿನಿಂದ ಅಪ್ಪ ನನ್ನನ್ನು ಮಗಳೇ, ಅವ್ವಾ ಎಂದೆಲ್ಲ ಕರೆದವನಲ್ಲ. ಹೆಸರು ಹಿಡಿದೇ ಕರೆದವನು, ಪೂರ್ತಿ ಹೆಸರು, ರಾಣಿಯನ್ನು ಕರೆದಂತೆ. ಅದರ ಮೊದಲ ಅಕ್ಷರವೇ ಈಗ ಅವನ ಬಾಯಿಗೆ ಇಲ್ಲ. ಬಟ್ಟೆ ಕೊಡವಿ ಅವನು ಇನ್ನೊಂದು ಸಾಲು ಬರೆದ: "ಅರ್ಧ ಹೆಸರಿಂದ ಕರೆಯಾಕ ನಂಗ ಆಗಂಗಿಲ್ಲ. ನಿಂಗ ಸಿಟ್ಟು ಬರ್ತೈತಿ."

ಈ ಊರಿನವರು ನನ್ನ ಹೆಸರಿನ ತಲೆ ಕತ್ತರಿಸುತ್ತಾರೆ ಎಂದು ಇಪ್ಪತ್ತು ವರ್ಷ ಅವನ ಹತ್ತಿರ ಫೋನಿನಲ್ಲಿ ದೂರು ಹೇಳಿದವಳು ನಾನೇ ಅಲ್ಲವೆ? ಅವನು ಅದನ್ನು ಮರೆತಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಸಿಟ್ಟಿಲ್ಲ ಎಂದು ಹೇಳಬೇಕು, ಬಾಯಿ ಬರುತ್ತಿಲ್ಲ. ಅಪ್ಪ ನನ್ನ ಕೈ ಹಿಡಿದು, ಅಂಗೈಯನ್ನು ತನ್ನ ಕುತ್ತಿಗೆಯ ಮುಸುಕಿನ ಮುಂದೆ ಇಟ್ಟುಕೊಂಡ. ಉಸಿರು ಈಗ ಅಲ್ಲಿಂದ ಬರುತ್ತದಲ್ಲ, ಅಂಗೈಗೆ ಬಿಸಿ ತಾಗಿತು. ಆದರೂ ಅವನು ಮಿಷನ್ ಮುಟ್ಟಲಿಲ್ಲ. ನಾನೂ ಫೈಟ್ ಮಾಡು ಎಂದು ಮತ್ತೆ ಹೇಳಲಿಲ್ಲ.

ವಾರ್ಷಿಕೋತ್ಸವ ಮಧ್ಯಾಹ್ನ ಮೂರಕ್ಕೆ. ಜನ ಚೆನ್ನಾಗಿಯೇ ಬಂದಿದ್ದರು, ಕಡಲೆಕಾಯಿ ಬಿಡಿಸುವ ಕೆಲಸ ಬಿಟ್ಟು ಬಂದ ಹೆಂಗಸರೇ ಹೆಚ್ಚು. ನನ್ನ ಗಂಡನೂ ರಜೆ ಹಾಕಿ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ರಟ್ಟಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಜೋಡಿಸಿ ಕೋಟೆ ಮಾಡಿದ್ದರು, ಒಳಗೆ ಎಂಟು ಜನ ತೆಲುಗು ಸೆಕ್ಷನ್ ಶತ್ರುಗಳು ಒತ್ತೊತ್ತಾಗಿ ಕೂತಿದ್ದರು. ಪರದೆಗೆ ನಾಲ್ಕು ಬೆಡ್‌ಶೀಟ್. ಅದರ ಹಗ್ಗ ಎಳೆಯುವ ಕೆಲಸ ನನ್ನದು. ವೇದಿಕೆಯ ಪಕ್ಕದಲ್ಲಿ ಹಗ್ಗ ಹಿಡಿದು ನಿಂತಿದ್ದೆ.

ಅಪ್ಪ ಬಂದ. ಜೀನ್ಸಿನ ಕವಚ, ಬಯಲಾಟದ ಹಳೆಯ ಕಿರೀಟ, ಕೈಯಲ್ಲಿ ಕತ್ತಿ. ಆ ನಡಿಗೆ ಮಾತ್ರ ಹಾಗೇ ಇತ್ತು. ಒಂದೊಂದು ಹೆಜ್ಜೆಯೂ ನೆಲ ತನ್ನದೇ ಎನ್ನುವ ಹಾಗೆ. ಸಾರಥಿ ಕೇಳಿದಳು: "ಬೂಪಾಲರೇ, ತಾವು ದಾರು?" ಅಪ್ಪ ಕತ್ತಿ ಕೆಳಗಿಟ್ಟ. ಹುಡುಗಿ ಮೈಕನ್ನು ಅವನ ಬಾಯಿಗೆ ಹಿಡಿದಳು.

"ಟ್ರ್ಯಾಕ್ಟರ್ ವಂಶದಲ್ಲಿ ಜನಿಸಿ, ಒಲಿಗೆ ಮಿಷನ್ನಿನ ತೊಡೆಯ ಮೇಲೆ ಬೆಳೆದು, ಕರೆಂಟು ಇದ್ದರೆ ಮೂರು ಲೋಕವನ್ನೂ, ಇಲ್ಲದಿದ್ದರೆ ಈ ಮೂಲೆಯನ್ನೂ ಆಳುವಂತ ಯಂತ್ರಬೂಪಾಲ ನಾನೆಂದು ತಿಳಿಯುವಂತವಳಾಗು ಸಾರದಿ!"

ಗಿರಣಿಯ ದನಿ ಮೈಕಿನಲ್ಲಿ ಊರೆಲ್ಲ ಕೇಳಿತು. ಆಮೇಲೆ ಚಪ್ಪಾಳೆ ಶುರುವಾಯಿತು ನೋಡಿ, ಅಪ್ಪ ಕಣ್ಣು ಮುಚ್ಚಿಕೊಂಡು ಅಷ್ಟನ್ನೂ ತೆಗೆದುಕೊಂಡ. ರಾಜನಿಗೆ ಅದು ರೂಢಿ.

ಯುದ್ಧ ಬಂತು. ಕಹಳೆ ಎಂದು ಯಾರೋ ಸ್ಟೀಲ್ ಕೊಡದೊಳಗೆ ಊದಿದರು. ಅಪ್ಪ ಕತ್ತಿ ಎತ್ತಿಕೊಂಡು ಕೋಟೆ ಬಾಗಿಲಿಗೆ ಬಂದ. ನಿಂತ. ಹುಡುಗಿ ಸೇನಾಪತಿಯ ದನಿಯಲ್ಲಿ ಅಬ್ಬರಿಸಿದಳು. ಅವಳ ಮಾತು ಇದ್ದದ್ದು, "ಒದ್ದು ಒಳಗೆ ನುಗ್ಗುವಂಥವರಾಗಿ" ಎಂದು. ಅಪ್ಪ ಅಲುಗದ್ದನ್ನು ನೋಡಿ ಅವಳಿಗೆ ಉಳಿದದ್ದು ಮರೆತುಹೋಯಿತು. ನೆನಪಿದ್ದ ಒಂದೇ ಮಾತನ್ನು ಕುರಿ ಕರೆಯುವ ಗಂಟಲಲ್ಲಿ ಕೂಗತೊಡಗಿದಳು.

"ಒದ್ದು! ಒದ್ದು ರಾಜಾ! ಒದ್ದು!"

ಅಪ್ಪ ಅವಳ ಕೂಗಿಗೆ ಸೋತನೇನೋ ಎನ್ನುವಂತೆ ಒಂದು ಹೆಜ್ಜೆ ಮುಂದಿಟ್ಟ. ರಟ್ಟಿನ ಕೋಟೆ ಅಲ್ಲಾಡಿತು. ಒಳಗಿದ್ದ ಎಂಟೂ ಮಕ್ಕಳು ಪೆಟ್ಟಿಗೆಗಳೆಲ್ಲ ತಮ್ಮ ತಲೆ ಮೇಲೆ ಬೀಳುತ್ತವೆ ಎಂದು ಹೆದರಿ ಕಿರುಚಿದವು.

"ಒದ್ದು ತಾತಾ, ಒದ್ದು! ಒದ್ದು!"

ತೆಲುಗಿನಲ್ಲಿ ಒದ್ದು ಎಂದರೆ ಬೇಡ. ಆಚೆ ಸೇನಾಪತಿ ಒದ್ದು ಎಂದು ಕೂಗುತ್ತಿದ್ದಾಳೆ, ಈಚೆ ಶತ್ರುಗಳು ಒದ್ದು ಎಂದು ಕೂಗುತ್ತಿದ್ದಾರೆ. ಎರಡು ಸೈನ್ಯದ ಬಾಯಲ್ಲೂ ಒಂದೇ ಮಾತು. ಕೂತ ಹೆಂಗಸರಿಗೆ ಎರಡೂ ಭಾಷೆ ಬರುತ್ತದಲ್ಲ, ಮೊದಲು ಒಬ್ಬಳು ನಕ್ಕಳು, ಆಮೇಲೆ ಒಂದು ಸಾಲು, ಆಮೇಲೆ ಇಡೀ ಕಾಂಪೌಂಡು. ಹುಡುಗಿ ಏನು ತಪ್ಪಾಯಿತೆಂದು ತಿಳಿಯದೆ ಕಣ್ಣಲ್ಲಿ ನೀರು ತಂದುಕೊಂಡಳು.

ಅಪ್ಪ ಅವಳನ್ನು ನೋಡಿದ. ಬಗ್ಗಿ ಕತ್ತಿಯನ್ನು ನೆಲದ ಮೇಲಿಟ್ಟ. ಆಯುಧಪೂಜೆಯಲ್ಲಿ ಕತ್ತರಿ, ಟೇಪು ಇಡುತ್ತಿದ್ದಷ್ಟೇ ನಯವಾಗಿ ಇಟ್ಟ. ಮಿಷನ್ ತೆಗೆದುಕೊಂಡ. ಹುಡುಗಿ ಮೂಗೆಳೆಯುತ್ತಲೇ ಮೈಕು ಹಿಡಿದಳು. ನಗು ನಿಲ್ಲುವ ತನಕ ಅಪ್ಪ ಕಾದ.

"ನಮ್ಮವರೂ ಒದ್ದು ಅಂತಾರ. ಅವರೂ ಒದ್ದು ಅಂತಾರ. ಇನ್ನ ಯುದ್ದ ಯಾರ ಮ್ಯಾಲ?"

ಜನ ಎದ್ದು ನಿಂತು ಕೂಗಿದರು. ಕೋಟೆಯೊಳಗಿಂದ ಶತ್ರುಗಳು ಒಬ್ಬೊಬ್ಬರಾಗಿ ತೆವಳಿಕೊಂಡು ಆಚೆ ಬಂದರು. ಸೇನಾಪತಿ ಕಣ್ಣೊರೆಸಿಕೊಂಡು ಅವರನ್ನು ಎಣಿಸಿದಳು, ಅದು ಯಾಕೋ ಅವಳಿಗೇ ಗೊತ್ತು. ನಾಟಕ ಮುಗಿದಿತ್ತು. ಆದರೆ ಮುಗಿಯಿತು ಎಂದು ಹೇಳುವ ಮಾತು ಯಾರ ಹತ್ತಿರವೂ ಇರಲಿಲ್ಲ, ಹಗ್ಗ ಹಿಡಿದ ನಾನು ನಗುತ್ತಾ ಅಳುತ್ತಾ ಮೈಮರೆತಿದ್ದೆ.

ಅಪ್ಪ ನನ್ನ ಕಡೆ ತಿರುಗಿದ. ಮಿಷನ್ ಇನ್ನೂ ಗದ್ದದ ಕೆಳಗೇ ಇತ್ತು, ಹುಡುಗಿ ಹಿಡಿದ ಮೈಕು ಬಾಯಿಯ ಮುಂದೇ ಇತ್ತು. ಸ್ವಲ್ಪ ತಡೆದ. ಆಮೇಲೆ ನನ್ನ ಹೆಸರು ಕರೆದ. ಅದರ ಮೊದಲ ಅಕ್ಷರ ಇರಲಿಲ್ಲ.

"ಪರದಿ ಎಳಿ" ಅಂದ.

ನಾನು ಸಭೆಯ ಕಡೆ ನೋಡಿದೆ. ಯಾರ ಮುಖದಲ್ಲೂ ಏನೂ ಇರಲಿಲ್ಲ. ಪಕ್ಕದ ಮನೆಯವರು, ಮಕ್ಕಳು, ಹಿಂದಿನ ಸಾಲಿನಲ್ಲಿ ನನ್ನ ಗಂಡ, ಎಲ್ಲರೂ ನಾನು ಹಗ್ಗ ಎಳೆಯಲೆಂದು ಕಾಯುತ್ತಿದ್ದರು. ನನ್ನನ್ನು ಅವರೆಲ್ಲ ಕರೆಯುವುದೇ ಹಾಗಲ್ಲವೆ? ಅಷ್ಟು ಜನರಲ್ಲಿ ಒಬ್ಬರಿಗೂ ಅದರಲ್ಲಿ ತಪ್ಪು ಕೇಳಿಸಿರಲಿಲ್ಲ.

ಅಪ್ಪ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದ, ಸಿಟ್ಟು ಬಂತೋ ಏನೋ ಎಂದು.

"ಊಂ ಅಪ್ಪಾ" ಅಂದೆ. ಹಗ್ಗ ಎಳೆದೆ.